ಫೋನಿನ ಪರದೆ ಆರಿಸಿ, ರಂಗದ ಪರದೆ ಏಳೋದನ್ನ ನೋಡಿ

ಶುಕ್ರವಾರ ಸಂಜೆ ಆಫೀಸ್ ಗ್ರೂಪ್‌ನಲ್ಲಿ ಒಂದೇ ಪ್ರಶ್ನೆ: ‘ವೀಕೆಂಡ್ ಪ್ಲಾನ್ ಏನು?’ ಉತ್ತರಗಳೂ ಅವೇ. ಮಾಲ್, ಮೂವಿ, ಬ್ರಂಚ್, ಇಲ್ಲವಾದರೆ ನಂದಿ ಬೆಟ್ಟದ ದಾರಿಯ ಟ್ರಾಫಿಕ್ ಜಾಮ್. ಏನೂ ಹೊಳೆಯದಿದ್ದರೆ ಮಂಚದ ಮೇಲೆ ಬಿದ್ದುಕೊಂಡು ಒಂದು ಸೀರೀಸ್‌ನ ಎಂಟು ಎಪಿಸೋಡ್. ಭಾನುವಾರ ರಾತ್ರಿ ಹತ್ತಕ್ಕೆ, ‘ಅಯ್ಯೋ, ಎರಡು ದಿನ ಎಲ್ಲಿ ಹೋಯ್ತು?’ ಅನ್ನೋ ಬೇಸರ ಬೇರೆ.

ಆದರೆ ಇದೇ ಬೆಂಗಳೂರಿನಲ್ಲಿ ಪ್ರತಿದಿನ ಸಂಜೆ ಎಲ್ಲೋ ಒಂದು ಕಡೆ ಮೂರನೇ ಬೆಲ್ ಹೊಡೆಯುತ್ತೆ. ಲೈಟ್ ಆರುತ್ತೆ. ನಮ್ಮ ಹಾಗೆಯೇ ಬೆಳಿಗ್ಗೆ ಲಾಗಿನ್ ಆಗಿ, ಸಂಜೆ ಲಾಗೌಟ್ ಆದ ಯಾರೋ ಒಬ್ಬರು ರಾಜನಾಗಿಯೋ ರಾಕ್ಷಸನಾಗಿಯೋ ವೇದಿಕೆಗೆ ಬರುತ್ತಾರೆ. ನಾನು ದಾವಣಗೆರೆಯವಳು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳಿಯೇ ಬೆಳೆದವಳು. ಬೆಂಗಳೂರಿಗೆ ಬಂದ ಮೇಲೆ ತಿಂಗಳಿಗೆ ಎರಡು ಲೈವ್ ಶೋ ಅಂತ ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೇನೆ. ಈ ಐದು ವರ್ಷದ ಸುತ್ತಾಟದಲ್ಲಿ ನನಗೆ ಇಷ್ಟವಾದ ಜಾಗಗಳು, ಅಲ್ಲಿ ಏನು ನೋಡಬೇಕು, ಯಾಕೆ ಹೋಗಲೇಬೇಕು ಅನ್ನೋದೇ ಈ ಬರಹ.

ಶುರು ಮಾಡೋದಾದರೆ ರಂಗಶಂಕರದಿಂದ

ಜೀವನದಲ್ಲಿ ಒಂದೂ ನಾಟಕ ನೋಡಿಲ್ಲ ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳೋ ವಿಳಾಸ ಜೆ.ಪಿ. ನಗರ ಎರಡನೇ ಹಂತ. ಬೆಂಗಳೂರಿನಲ್ಲಿ ನಾಟಕಕ್ಕೆ ಅಂತಲೇ ಒಂದು ಒಳ್ಳೆಯ ರಂಗಮಂದಿರ ಇರಬೇಕು, ತಂಡಗಳಿಗೆ ಅದು ಕಡಿಮೆ ಬಾಡಿಗೆಗೆ ಸಿಗಬೇಕು ಅನ್ನೋದು ಶಂಕರ್‌ನಾಗ್ ಕನಸು. 1990ರ ಸೆಪ್ಟೆಂಬರ್ 30ರಂದು ನಮ್ಮ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಆದ ಅಪಘಾತದಲ್ಲಿ ಅವರು ಹೋದಾಗ ವಯಸ್ಸು ಬರೀ 35. ಆ ಕನಸನ್ನು ಅರುಂಧತಿ ನಾಗ್ ಮತ್ತು ಗೆಳೆಯರು ಹಿಡಿದುಕೊಂಡು ಹೋದರು. ದೇಣಿಗೆ ಕೂಡಿಸಿ, ಕಟ್ಟಡ ಎಬ್ಬಿಸಿ, 2004ರಲ್ಲಿ ಬಾಗಿಲು ತೆಗೆದರು. ಹೋದವರ ಹೆಸರಿನಲ್ಲಿ ಸರ್ಕಲ್, ರಸ್ತೆ ಎಲ್ಲ ಆಗುತ್ತೆ. ಅವರ ಕನಸೇ ಕಟ್ಟಡವಾಗೋದು ಅಪರೂಪ.

ಇಲ್ಲಿನ ಸೀಟು ಸುಮಾರು 300. ಎಲ್ಲಿ ಕೂತರೂ ನಟರ ಹಣೆಯ ಬೆವರು ಕಾಣುತ್ತೆ. ಸೋಮವಾರ ರಜಾ. ಉಳಿದ ದಿನ ‘ದಿನಕ್ಕೊಂದು ನಾಟಕ’ ಅನ್ನೋದೇ ಇಲ್ಲಿನ ಆದರ್ಶ. ಕನ್ನಡ ಹೆಚ್ಚು, ಜೊತೆಗೆ ಇಂಗ್ಲಿಷ್, ಹಿಂದಿ, ಆಗಾಗ ಬೇರೆ ಭಾಷೆಗಳ ನಾಟಕ. ಸಂಜೆಯ ಪ್ರದರ್ಶನ ಸಾಮಾನ್ಯವಾಗಿ 7.30ಕ್ಕೆ. ಇಲ್ಲಿ ಒಂದು ಮಾತು ನೆನಪಿಡಿ: 7.30 ಅಂದ್ರೆ 7.30. ಬಾಗಿಲು ಹಾಕಿದ ಮೇಲೆ ಯಾರೇ ಬಂದರೂ, ಕೈಯಲ್ಲಿ ಟಿಕೆಟ್ ಇದ್ದರೂ ಒಳಗೆ ಬಿಡೋದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ ಕಾರಣ ಹೇಳಿದರೂ ನಡೆಯಲ್ಲ. ಮೊದಮೊದಲು ‘ಇದೇನು ಸ್ಕೂಲಾ?’ ಅನ್ನಿಸಬಹುದು. ಆದರೆ ಒಂದು ಸಲ ಒಳಗೆ ಕೂತು, ಒಂದೂವರೆ ಗಂಟೆ ಒಬ್ಬರೂ ಮಧ್ಯೆ ಎದ್ದು ಓಡಾಡದೆ, ಒಂದೂ ಫೋನ್ ರಿಂಗಾಗದೆ ನಾಟಕ ನೋಡಿ ಬನ್ನಿ. ಆಮೇಲೆ ಆ ನಿಯಮವನ್ನು ನೀವೇ ಸಮರ್ಥಿಸಿಕೊಳ್ಳುತ್ತೀರಿ.

ಬೇಗ ಹೋಗೋದಕ್ಕೆ ಇನ್ನೊಂದು ಕಾರಣ ಅಲ್ಲಿನ ಕೆಫೆ. ಸಬ್ಬಕ್ಕಿ ವಡೆ, ಟೀ ಹಿಡಿದು ಮೆಟ್ಟಿಲ ಮೇಲೆ ಕೂತರೆ ಪಕ್ಕದಲ್ಲೇ ಸಿನಿಮಾದಲ್ಲಿ ನೋಡಿದ ಮುಖವೂ ಸರದಿಯಲ್ಲಿ ನಿಂತಿರುತ್ತೆ. ಯಾರೂ ಸೆಲ್ಫಿಗೆ ಮುಗಿಬೀಳಲ್ಲ. ಅದೇ ಆ ಜಾಗದ ಗತ್ತು.

ಕಲಾಕ್ಷೇತ್ರ ಅನ್ನೋ ಹಿರಿಯಜ್ಜ

ರಂಗಶಂಕರ ಮನೆಮಗಳಾದರೆ, ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ಮನೆಯ ಹಿರಿಯಜ್ಜ. ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು, 1963ರಲ್ಲಿ ಉದ್ಘಾಟನೆಯಾಯಿತು. ಇಲ್ಲಿ ಒಂದು ವಾರದಲ್ಲಿ ಏನೇನು ನಡೆಯುತ್ತೆ ಅಂತ ಪಟ್ಟಿ ಮಾಡಿದರೆ ನಗು ಬರುತ್ತೆ. ಒಂದು ದಿನ ಭರತನಾಟ್ಯ ರಂಗಪ್ರವೇಶ, ಮಾರನೇ ದಿನ ಪ್ರಶಸ್ತಿ ಪ್ರದಾನ, ಅದರ ಮಾರನೇ ದಿನ ಗಂಭೀರ ನಾಟಕ, ಆಮೇಲೆ ಪೌರಾಣಿಕ ನಾಟಕ.

ಇದರ ಹಿಂಬದಿಗೆ ಹೋದರೆ ಸಿಗೋದು ಸಂಸ ಬಯಲು ರಂಗಮಂದಿರ. ‘ವಿಗಡ ವಿಕ್ರಮರಾಯ’ ಬರೆದ ನಾಟಕಕಾರ ಸಂಸರ ಹೆಸರು. ಕಲಾಕ್ಷೇತ್ರದ ಈ ಬಯಲಿಗೆ ಒಂದು ದೊಡ್ಡ ಚರಿತ್ರೆಯಿದೆ. 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಅನ್ನೋ ಮೂರು ನಾಟಕಗಳನ್ನು ಇಲ್ಲೇ ಬಯಲಿನಲ್ಲಿ ಆಡಿಸಿದರು. ಕನ್ನಡದ ಹೊಸ ರಂಗಭೂಮಿಯ ಕಥೆ ಹೇಳುವವರು ಇವತ್ತಿಗೂ ಅಲ್ಲಿಂದಲೇ ಶುರು ಮಾಡುತ್ತಾರೆ. ಕಾರಂತರು ಕಟ್ಟಿದ ‘ಬೆನಕ’ ತಂಡ ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’, ‘ಹಯವದನ’ದಂಥ ನಾಟಕಗಳನ್ನು ದಶಕಗಳಿಂದ ಜೀವಂತವಾಗಿ ಇಟ್ಟುಕೊಂಡಿದೆ. ಈ ಹೆಸರುಗಳು ಎಲ್ಲಾದರೂ ಪೋಸ್ಟರಿನಲ್ಲಿ ಕಂಡರೆ ಯೋಚನೆ ಮಾಡಬೇಡಿ, ಟಿಕೆಟ್ ತಗೊಂಡುಬಿಡಿ. ಹಾಡುಗಳೇ ಒಂದು ವಾರ ತಲೆಯಲ್ಲಿ ಗುಂಯ್‌ಗುಡುತ್ತವೆ.

‘ಕಲಾ ಗಂಗೋತ್ರಿ’ಯ ‘ಮುಖ್ಯಮಂತ್ರಿ’ ಕೂಡ ಇದೇ ಸಾಲಿನದು. 1980ರಲ್ಲಿ ಶುರುವಾದ ಈ ನಾಟಕದ ಪಾತ್ರ ನಟನ ಹೆಸರಿಗೇ ಅಂಟಿಕೊಂಡು ಅವರು ‘ಮುಖ್ಯಮಂತ್ರಿ’ ಚಂದ್ರು ಆದರು. ಒಂದು ಪಾತ್ರ ಮನುಷ್ಯನ ಇನಿಶಿಯಲ್ಲನ್ನೇ ಬದಲಿಸೋದು ಅಂದ್ರೆ ಇದೇ ಅಲ್ವಾ?

ಅಪ್ಪನ ಜೊತೆ ಕುರುಕ್ಷೇತ್ರ

ಕಲಾಕ್ಷೇತ್ರದಲ್ಲಿ ನೀವು ನೋಡಲೇಬೇಕಾದ, ಆದರೆ ನಮ್ಮ ವಯಸ್ಸಿನವರು ಬಹುತೇಕ ನೋಡದ ಒಂದು ಲೋಕ ಇದೆ: ಪೌರಾಣಿಕ ನಾಟಕ. ತುಮಕೂರು, ಮಂಡ್ಯ, ರಾಮನಗರ ಕಡೆಯ ಊರುಗಳಲ್ಲಿ ‘ಕುರುಕ್ಷೇತ್ರ’ ಆಡೋದು ಒಂದು ಹುಚ್ಚು. ಆಡುವವರು ರೈತರು, ಡ್ರೈವರ್‌ಗಳು, ಪೊಲೀಸರು, ಗುಮಾಸ್ತರು. ಇವರಿಗೆ ಸಂಬಳ ಇರೋದಿಲ್ಲ. ಪಾತ್ರ ಬೇಕು ಅಂದ್ರೆ ಇವರೇ ದುಡ್ಡು ಕೊಡಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಪಾಲು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಒಂದೊಂದು ಪದ್ಯ ಕಲಿಸುತ್ತಾರೆ. ಆಮೇಲೆ ಒಂದೇ ಒಂದು ಪ್ರದರ್ಶನ. ನೆಂಟರಿಷ್ಟರೆಲ್ಲ ಹಾರ ಹಿಡಿದು ಬಂದಿರುತ್ತಾರೆ. ಅರ್ಜುನನಿಗೆ ಮಧ್ಯದಲ್ಲೇ ಹಾರ, ಶಾಲು. ಕೃಷ್ಣ ಅಷ್ಟೊತ್ತು ಕಾಯುತ್ತಾ ನಿಂತಿರುತ್ತಾನೆ.

ಎರಡು ವರ್ಷದ ಹಿಂದೆ ಅಪ್ಪ ಊರಿನಿಂದ ಬಂದಿದ್ದರು. ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಮೂರು ದಿನ ಕಿಟಕಿ ನೋಡುತ್ತಾ ಕೂತಿದ್ದವರು, ‘ಊರಿಗೆ ಬಸ್ ಬುಕ್ ಮಾಡವ್ವ’ ಅಂತ ಶುರು ಮಾಡಿದ್ದರು. ಶನಿವಾರ ಸುಮ್ಮನೆ ಕಲಾಕ್ಷೇತ್ರಕ್ಕೆ ಕರೆದುಕೊಂಡು ಹೋದೆ. ಹಗಲು ಹೊತ್ತಿನ ‘ಕುರುಕ್ಷೇತ್ರ’. ಅರ್ಧ ಗಂಟೆಯಲ್ಲಿ ಅಪ್ಪ ಪಕ್ಕದ ಸೀಟಿನ ತಿಪಟೂರಿನ ಹಿರಿಯರ ಜೊತೆ ಸೇರಿ ದುರ್ಯೋಧನನ ಪದ್ಯದ ರಾಗ ಸರಿ ಇತ್ತಾ ಇಲ್ವಾ ಅಂತ ವಾದಕ್ಕೇ ಇಳಿದುಬಿಟ್ಟಿದ್ದರು. ಭೀಮ ಗದೆ ಎತ್ತಿದಾಗ ಶಿಳ್ಳೆ ಹೊಡೆದರು! ನಮ್ಮಪ್ಪ ಶಿಳ್ಳೆ ಹೊಡೆಯೋದನ್ನ ನಾನು ಅದುವರೆಗೆ ನೋಡಿರಲೇ ಇಲ್ಲ. ಬಸ್ ಬುಕಿಂಗ್ ಮಾತು ಇನ್ನೊಂದು ವಾರ ಬರಲಿಲ್ಲ. ನಿಮ್ಮ ಮನೆಗೆ ಹಿರಿಯರು ಬಂದಾಗ ಅವರನ್ನು ಮಾಲ್‌ನ ಎಸ್ಕಲೇಟರ್ ಮುಂದೆ ನಿಲ್ಲಿಸಿ ಹೆದರಿಸೋ ಬದಲು ಇಲ್ಲಿಗೆ ಕರೆದುಕೊಂಡು ಬನ್ನಿ.

ರಾತ್ರಿಯಿಡೀ ಚಂಡೆ

ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ ಮುಗಿಯುತ್ತೆ. ಮಳೆಗಾಲದಲ್ಲಿ ಅಲ್ಲಿ ಬಯಲಾಟಕ್ಕೆ ಬಯಲೇ ಇರೋದಿಲ್ಲವಲ್ಲ! ಆಗ ಕಲಾವಿದರು ತಂಡ ಕಟ್ಟಿಕೊಂಡು ಬೆಂಗಳೂರಿನತ್ತ ಮುಖ ಮಾಡುತ್ತಾರೆ. ಹಾಗಾಗಿ ಜೂನ್‌ನಿಂದ ಕೆಲವು ತಿಂಗಳು ನಮ್ಮ ಊರಿನಲ್ಲಿ ಯಕ್ಷಗಾನದ ಸುಗ್ಗಿ. ಕಲಾಕ್ಷೇತ್ರದಲ್ಲಿ ಶನಿವಾರ ರಾತ್ರಿ ಶುರುವಾದರೆ ಭಾನುವಾರ ಬೆಳಗಿನವರೆಗೂ ಆಟ. ಪ್ರೇಕ್ಷಕರಲ್ಲಿ ಕುಂದಾಪುರ, ಹೊನ್ನಾವರ, ಪುತ್ತೂರಿನ ಹೋಟೆಲ್ ಮಾಲೀಕರೂ ಇರುತ್ತಾರೆ, ಮಾಣಿಗಳೂ ಇರುತ್ತಾರೆ, ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಬಂದ ಸಾಫ್ಟ್‌ವೇರ್ ಹುಡುಗರೂ ಇರುತ್ತಾರೆ.

ನಾನು ಬಯಲುಸೀಮೆಯವಳು. ಮೊದಲ ಸಲ ಹೋದಾಗ ತೆಂಕು, ಬಡಗು ಅಂದ್ರೆ ಏನು ಅಂತಲೂ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಉಡುಪಿಯ ಆಂಟಿ ಕಿರೀಟ, ಚಂಡೆ, ಕುಣಿತದ ವ್ಯತ್ಯಾಸವನ್ನೆಲ್ಲ ಪಿಸುಮಾತಲ್ಲಿ ಹೇಳಿಕೊಟ್ಟರು. ನನಗೆ ಅತಿ ಇಷ್ಟವಾಗಿದ್ದು ಮಾತುಗಾರಿಕೆ. ಭಾಗವತರ ಪದ ಮುಗಿದ ಕೂಡಲೇ ಪಾತ್ರಧಾರಿ ಅಲ್ಲೇ, ಆಗಲೇ ಮಾತು ಕಟ್ಟುತ್ತಾನೆ. ಬಾಯಿಪಾಠ ಮಾಡಿದ ಸ್ಕ್ರಿಪ್ಟ್ ಇಲ್ಲ. ಎದುರಾಳಿ ಏನು ಕೇಳುತ್ತಾನೋ ಅದಕ್ಕೆ ತಕ್ಕ ಉತ್ತರ. ಒಂದು ಇಂಗ್ಲಿಷ್ ಪದ ಬಾರದ ಹಾಗೆ ಅರ್ಧ ಗಂಟೆ ವಾದ! ನಮ್ಮ ಮೀಟಿಂಗ್‌ಗಳಲ್ಲಿ ಒಂದು ವಾಕ್ಯ ಹಾಗೆ ಮಾತಾಡಿ ನೋಡೋಣ.

ರಾತ್ರಿಯಿಡೀ ಕೂರೋ ಇನ್ನೊಂದು ಅನುಭವ ಕುವೆಂಪು ಕಾದಂಬರಿ ಆಧರಿಸಿದ ‘ಮಲೆಗಳಲ್ಲಿ ಮದುಮಗಳು’. ಸಿ. ಬಸವಲಿಂಗಯ್ಯ ನಿರ್ದೇಶನದ ಸುಮಾರು ಒಂಬತ್ತು ಗಂಟೆಯ ನಾಟಕ. ಬೆಂಗಳೂರಿನಲ್ಲಿ ಇದು ನಡೆದಿದ್ದು ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ, ಬಯಲಿನಲ್ಲಿ. ಒಂದು ಅಂಕ ಮುಗಿದರೆ ಪ್ರೇಕ್ಷಕರೇ ಎದ್ದು ಇನ್ನೊಂದು ರಂಗಸ್ಥಳಕ್ಕೆ ನಡೆಯಬೇಕು. ಮತ್ತೆ ಯಾವಾಗಲಾದರೂ ಆಡಿದರೆ ಒಂದು ಶಾಲು, ಒಂದು ಫ್ಲಾಸ್ಕ್ ಹಿಡಿದು ಹೋಗಿ.

ಸಣ್ಣ ಹಾಲ್, ದೊಡ್ಡ ಹೃದಯ

ಹನುಮಂತನಗರದ ಕೆ.ಎಚ್. ಕಲಾಸೌಧ, ಕಲಾಕ್ಷೇತ್ರದ ಪಕ್ಕದ ನಯನ ಸಭಾಂಗಣ – ಇವೆಲ್ಲ ಹವ್ಯಾಸಿ ತಂಡಗಳ ಅಡ್ಡಾಗಳು. ಹೊಸ ಹುಡುಗ ಹುಡುಗಿಯರ ಮೊದಲ ನಾಟಕ ನೋಡಬೇಕು ಅಂದ್ರೆ ಇಲ್ಲಿಗೆ ಹೋಗಬೇಕು. ಎಲ್ಲವೂ ಚೆನ್ನಾಗಿರುತ್ತೆ ಅಂತ ನಾನು ಹೇಳಲ್ಲ. ಕೆಲವು ಸಲ ಮೈಕ್ ಕೈಕೊಡುತ್ತೆ, ಕೆಲವು ಸಲ ಮಾತು ಮರೆತುಹೋಗುತ್ತೆ. ಆದರೆ ಕೆಲವು ಸಂಜೆ ಯಾವ ದೊಡ್ಡ ಸ್ಟಾರ್ ಸಿನಿಮಾದಲ್ಲೂ ಸಿಗದ ಒಂದು ಕ್ಷಣ ಇಲ್ಲಿ ಸಿಕ್ಕಿಬಿಡುತ್ತೆ.

ನನ್ನ ಟೀಮಿನಲ್ಲಿ ಟೆಸ್ಟಿಂಗ್ ಮಾಡೋ ಹುಡುಗನೊಬ್ಬ ಇಂಥದ್ದೊಂದು ತಂಡದಲ್ಲಿದ್ದ. ಎರಡು ತಿಂಗಳು ಅವನ ದಿನಚರಿ ನೋಡಿದ್ದೇನೆ. ಸಂಜೆ ಆರೂವರೆಗೆ ಕ್ಯಾಬ್ ಬಿಟ್ಟು ಬಸ್ ಹಿಡಿಯೋದು, ಶಾಲೆಯೊಂದರ ಹಿಂದಿನ ಖಾಲಿ ರೂಮಿನಲ್ಲಿ ರಿಹರ್ಸಲ್, ರಾತ್ರಿ ಹನ್ನೊಂದಕ್ಕೆ ಮನೆ. ಕಾಸ್ಟ್ಯೂಮ್ ಹೊಲಿಸಿದ್ದು ತಂಡದವರ ಜೇಬಿನಿಂದ. ಪ್ರದರ್ಶನದ ದಿನ ನಾವು ಆಫೀಸಿನಿಂದ ಆರು ಜನ ಹೋದೆವು. ಒಟ್ಟು ಪ್ರೇಕ್ಷಕರನ್ನು ನಾನು ಎಣಿಸಿದೆ: 43. ಅದರಲ್ಲಿ ನಟರ ಮನೆಯವರನ್ನು ಬಿಟ್ಟರೆ ಇಪ್ಪತ್ತೂ ದಾಟಲ್ಲ. ಆದರೂ ಆ ಹುಡುಗ ಕೊನೆಯ ದೃಶ್ಯದಲ್ಲಿ ಅತ್ತಾಗ ಇಡೀ ಹಾಲ್ ಉಸಿರು ಹಿಡಿದಿತ್ತು. ಚಪ್ಪಾಳೆ 43 ಜನರದ್ದು ಅಂತ ಅನ್ನಿಸಲೇ ಇಲ್ಲ.

ಆ ನಾಟಕದ ಎರಡನೇ ಪ್ರದರ್ಶನ ಆಗಲಿಲ್ಲ. ಕಾರಣ ಸಿಂಪಲ್ ಲೆಕ್ಕ. ನೀವೇ ಹಾಕಿ ನೋಡಿ: 300 ಸೀಟಿನ ಹಾಲ್, 200 ರೂಪಾಯಿ ಟಿಕೆಟ್ ಅಂದುಕೊಂಡರೆ, ಹೌಸ್‌ಫುಲ್ ಆದರೂ ಬರೋದು 60,000. ಅದರಲ್ಲೇ ಬಾಡಿಗೆ, ಲೈಟು, ಮೇಕಪ್ಪು, ಸೆಟ್ಟು ತರೋ ಟೆಂಪೊ, ಎಲ್ಲರ ಊಟ. 43 ಜನ ಬಂದರೆ 8,600. ನಟರಿಗೆ ಸಂಭಾವನೆ ಅನ್ನೋ ಮಾತನ್ನ ಯಾರೂ ಎತ್ತೋದೇ ಇಲ್ಲ. ಸಿನಿಮಾ ಚೆನ್ನಾಗಿಲ್ಲದಿದ್ದರೆ ಮೂರು ವಾರ ಬಿಟ್ಟು ಓಟಿಟಿಗೆ ಬರುತ್ತೆ. ನಾಟಕಕ್ಕೆ ಆ ಎರಡನೇ ಜನ್ಮ ಇಲ್ಲ. ಅವತ್ತು ಸಂಜೆ ನಾವು ಹೋಗದಿದ್ದರೆ ಅದು ಇರೋದೇ ಇಲ್ಲ, ಅಷ್ಟೇ.

ಅದಕ್ಕೇ ನಾನು ಗೆಳೆಯರಿಗೆ ಹೇಳೋದು: ಕಾಂಪ್ಲಿಮೆಂಟರಿ ಪಾಸ್ ಕೇಳಬೇಡಿ. ನಿಮ್ಮ ಫ್ರೆಂಡ್ ನಾಟಕ ಆಡುತ್ತಿದ್ದರೆ ಮೊದಲು ಟಿಕೆಟ್ ಕೊಳ್ಳಬೇಕಾದವರು ನೀವೇ. ಮಲ್ಟಿಪ್ಲೆಕ್ಸಿನ ಒಂದು ಪಾಪ್‌ಕಾರ್ನ್ ಡಬ್ಬದ ದುಡ್ಡು ಅದು.

ಕಿವಿಗೂ ಹಬ್ಬ ಬೇಕಲ್ವಾ?

ಸಂಗೀತ ‘ನಮಗಲ್ಲ, ತಾತಂದಿರಿಗೆ’ ಅಂದುಕೊಂಡವರು ಒಂದು ಸಲ ರಾಮನವಮಿ ಸಮಯದಲ್ಲಿ ಚಾಮರಾಜಪೇಟೆಗೆ ಹೋಗಿ. 1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ಫೋರ್ಟ್ ಹೈಸ್ಕೂಲ್ ಮೈದಾನದ ಪೆಂಡಾಲಿನಲ್ಲಿ ವಾರಗಟ್ಟಲೆ ನಡೆಯುತ್ತೆ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಉತ್ಸವ ಇದು. ಬೇಸಿಗೆಯ ಸಂಜೆ, ಪಾನಕ, ಕೋಸಂಬರಿ, ದೂರದಿಂದ ತೇಲಿ ಬರೋ ವಯೊಲಿನ್. ರಾಗದ ಹೆಸರು ಗೊತ್ತಿಲ್ಲದಿದ್ದರೂ ಏನೂ ತೊಂದರೆಯಿಲ್ಲ. ನನಗೂ ನಾಲ್ಕು ರಾಗದ ಮೇಲೆ ಗೊತ್ತಾಗಲ್ಲ.

ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ ಇನ್ನೂ ಹಳೆಯದು, 1905ರದ್ದು. ನ್ಯಾಷನಲ್ ಕಾಲೇಜ್ ಮೆಟ್ರೋ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಕಛೇರಿ ಮುಗಿಸಿ ವಿ.ವಿ. ಪುರದ ತಿಂಡಿ ಬೀದಿಗೆ ಹೋದರೆ ಆ ದಿನ ಸಂಪೂರ್ಣ.

ಇನ್ನು ಮಲ್ಲೇಶ್ವರದ ಕಡೆಯ ಚೌಡಯ್ಯ ಸ್ಮಾರಕ ಭವನ. ಹೊರಗಿನಿಂದ ನೋಡಿದರೆ ಇಡೀ ಕಟ್ಟಡವೇ ಒಂದು ಪಿಟೀಲು! ತಂತಿ, ಬಿರಡೆ ಎಲ್ಲ ಇದೆ. ತಿರುಮಕೂಡಲು ಚೌಡಯ್ಯನವರ ನೆನಪಿಗೆ ಕಟ್ಟಿ 1980ರಲ್ಲಿ ಉದ್ಘಾಟಿಸಿದ್ದು. ಮೈಕು ಸರಿಯಾಗಿ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ನಾದ ಕೇಳಬೇಕು ಅಂತ ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಹಿಂದಿನ ಸಾಲಿನ ಅಗ್ಗದ ಟಿಕೆಟ್ ಕೊಳ್ಳುವ ನನ್ನಂಥವರಿಗೆ ಈ ಕಥೆ ಕೇಳಿದರೆ ಅವರ ಮೇಲೆ ವಿಶೇಷ ಪ್ರೀತಿ.

ಇಂದಿರಾನಗರ, ವೈಟ್‌ಫೀಲ್ಡ್ ಕಡೆಯವರಿಗೆ

‘ಇದೆಲ್ಲ ಸೌತ್ ಬೆಂಗಳೂರಿನವರಿಗೆ ಸರಿ, ನಮ್ಮ ಗತಿ ಏನು?’ ಅಂತ ಕೇಳೋರಿಗೂ ಉತ್ತರ ಇದೆ. ವೈಟ್‌ಫೀಲ್ಡ್ ಕಡೆ, ವರ್ತೂರು ರಸ್ತೆಯಲ್ಲಿ 2011ರಿಂದ ‘ಜಾಗೃತಿ’ ರಂಗಮಂದಿರ ಇದೆ. ಸುಮಾರು 200 ಸೀಟು, ಇಂಗ್ಲಿಷ್ ನಾಟಕ ಹೆಚ್ಚು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲಿ ಸಂಗೀತ, ನೃತ್ಯ, ಮಾತುಕತೆ ನಡೆಯುತ್ತಲೇ ಇರುತ್ತವೆ, ಬಹಳಷ್ಟು ಉಚಿತ. ಎಂ.ಜಿ. ರಸ್ತೆ ಮೆಟ್ರೋ ಸ್ಟೇಷನ್ನಿನ ರಂಗೋಲಿ ಕಲಾ ಕೇಂದ್ರದಲ್ಲಿ ‘ರಂಗಸ್ಥಳ’ ಅನ್ನೋ ಪುಟ್ಟ ಸಭಾಂಗಣ ಇದೆ. ರೈಲಿಳಿದರೆ ಸೀದಾ ಸೀಟಿಗೆ.

ಇನ್ನು ಸ್ಟ್ಯಾಂಡಪ್. ಈಗ ಕನ್ನಡದಲ್ಲೂ ಜೋರಾಗಿದೆ. ಜಯನಗರ, ಕೋರಮಂಗಲ, ಇಂದಿರಾನಗರದ ಕೆಫೆಗಳಲ್ಲಿ ಐವತ್ತು ಕುರ್ಚಿ ಹಾಕಿ ನಡೆಯೋ ಓಪನ್ ಮೈಕ್‌ಗಳಿಗೆ ಹೋಗಿ ನೋಡಿ. ಹತ್ತು ಜನರಲ್ಲಿ ಮೂವರು ನಗಿಸಿದರೆ ಗೆದ್ದ ಹಾಗೆ. ಓನರ್ ಅಂಕಲ್, ಪಿಜಿ ಸಾಂಬಾರು, ಎರಡನೇ ಪಿಯುಸಿ ಗಾಯಗಳು – ನಮ್ಮದೇ ಜೀವನವನ್ನು ನಮ್ಮದೇ ಭಾಷೆಯಲ್ಲಿ ಕೇಳಿ ನಗೋ ಸುಖ ಬೇರೆ.

ಹೊರಡೋ ಮುಂಚೆ

ನನ್ನ ಅನುಭವದ ಕೆಲವು ಟಿಪ್ಸ್:

• ಟ್ರಾಫಿಕ್ ನಂಬಬೇಡಿ. ಶೋಗೆ ಒಂದು ಗಂಟೆ ಮುಂಚೆ ಆ ಏರಿಯಾದಲ್ಲಿ ಇರಿ. ಉಳಿದ ಸಮಯಕ್ಕೆ ಕಾಫಿ ಇದ್ದೇ ಇದೆ.

• ತಂಡಗಳ ಮತ್ತು ರಂಗಮಂದಿರಗಳ ಇನ್‌ಸ್ಟಾಗ್ರಾಮ್ ಪೇಜ್ ಫಾಲೋ ಮಾಡಿ. ಸಣ್ಣ ತಂಡಗಳ ನಾಟಕ ಬುಕಿಂಗ್ ಆ್ಯಪ್‌ನಲ್ಲಿ ಕಾಣದೇ ಹೋಗಬಹುದು. ದಿನಪತ್ರಿಕೆಯ ‘ನಗರದಲ್ಲಿ ಇಂದು’ ಕಾಲಂ ಈಗಲೂ ಒಳ್ಳೆಯ ದಾರಿದೀಪ.

• ನಾಟಕ ಮುಗಿಯೋದು ಒಂಬತ್ತರಿಂದ ಹತ್ತರೊಳಗೆ. ಮೆಟ್ರೋ ಹನ್ನೊಂದರ ಸುಮಾರಿಗೆ ನಿಲ್ಲುತ್ತೆ. ಕಲಾಕ್ಷೇತ್ರದಿಂದ ಕೆ.ಆರ್. ಮಾರ್ಕೆಟ್ ಸ್ಟೇಷನ್ ಹತ್ತಿರ. ರಾತ್ರಿ ಒಬ್ಬರೇ ಇದ್ದರೆ ಆಟೋ ಹತ್ತಿ.

• ಒಬ್ಬರೇ ಹೋಗೋಕೆ ಸಂಕೋಚ ಬೇಡ. ಸಿನಿಮಾಗಿಂತ ನಾಟಕಕ್ಕೆ ಒಬ್ಬರೇ ಬರುವವರು ಜಾಸ್ತಿ. ಇಂಟರ್‌ವೆಲ್ ಟೀಯಲ್ಲಿ ಸಿಕ್ಕ ಇಬ್ಬರು ಇವತ್ತು ನನ್ನ ಹತ್ತಿರದ ಗೆಳತಿಯರು.

• ಫೋನ್ ಸೈಲೆಂಟ್ ಅಲ್ಲ, ಸ್ವಿಚ್ ಆಫ್. ಕತ್ತಲಲ್ಲಿ ನಿಮ್ಮ ಸ್ಕ್ರೀನ್ ಬೆಳಕು ನಟನ ಕಣ್ಣಿಗೆ ನೇರ ಹೊಡೆಯುತ್ತೆ.

• ಇಷ್ಟವಾದರೆ ಹೊರಗೆ ನಿಂತು ನಟರಿಗೆ ಒಂದು ಮಾತು ಹೇಳಿ ಬನ್ನಿ. ಸಂಭಾವನೆ ಇಲ್ಲದವರಿಗೆ ಅದೇ ಸಂಭಾವನೆ.

ಬೆಂಗಳೂರು ನಮಗೆ ಸಂಬಳ ಕೊಟ್ಟಿದೆ, ಇಎಂಐ ಕೊಟ್ಟಿದೆ, ಬೆನ್ನುನೋವೂ ಕೊಟ್ಟಿದೆ. ಜೊತೆಗೆ ಪ್ರತಿ ಸಂಜೆ ಇಷ್ಟೊಂದು ಬೆಳಕಿನ ವೇದಿಕೆಗಳನ್ನೂ ಕೊಟ್ಟಿದೆ. ಈ ಶನಿವಾರ ಬರೀ ಒಂದು ಟಿಕೆಟ್ ತಗೊಳ್ಳಿ. ಯಾವ ನಾಟಕ ಅಂತ ತುಂಬಾ ತಲೆ ಕೆಡಿಸಿಕೊಳ್ಳಬೇಡಿ, ಹತ್ತಿರದ್ದು ಯಾವುದೋ ಅದೇ ಆಗಲಿ. 43 ಜನರ ಹಾಲಿಗೆ ನೀವು 44ನೆಯವರಾಗಿ ಹೋದರೂ ಸಾಕು, ವೇದಿಕೆಯ ಮೇಲಿರುವವರಿಗೆ ಅದು ಗೊತ್ತಾಗುತ್ತೆ.